ಮುಳುಗಿದ ಮನೆಯ ಕೊನೆಯ ಕೋಣೆ

ನನ್ನ ಮಗಳು ನೀರಿನಡಿಯಲ್ಲಿ ಒಂದು ಮನೆ ಕಟ್ಟಿದ್ದಾಳೆ. ಕನ್ನಡಕದಂಥ ಒಂದು ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡರೆ ಸಾಕು, ನನ್ನ ಮರಗೆಲಸದ ಕೋಣೆಯ ಗೋಡೆ, ಹೊಟ್ಟಿನ ರಾಶಿ, ಗೋಂದಿನ ಡಬ್ಬ ಎಲ್ಲ ಮಾಯ. ಮೆಟ್ಟಿಲ ಮೇಲೆ ಮೀನು ಮಲಗಿರುತ್ತದೆ. ಕಿಟಕಿಯ ಪರದೆ ತನ್ನ ಪಾಡಿಗೆ ತಾನು ತೂಗುತ್ತಿರುತ್ತದೆ. ಅರವತ್ತೆಂಟು ವರ್ಷ ನೆಲದ ಮೇಲೆ ಓಡಾಡಿದವನು ನಾನು. ಮೊದಲ ಸಲ ಅಲ್ಲಿಗಿಳಿದಾಗ ಉಸಿರು ಬಿಗಿಹಿಡಿದಿದ್ದೆ. "ಅಪ್ಪಾ, ಉಸಿರಾಡು, ಅದು ನಿಜವಾದ ನೀರಲ್ಲ" ಎಂದು ಗುಬ್ಬಿ ನಕ್ಕಳು. ಮನೆಯಲ್ಲಿ ಅವಳನ್ನು ಕರೆಯುವುದೇ ಹಾಗೆ. ಹೆಸರಿಗೆ ಗುಬ್ಬಿ, ಹಟದಲ್ಲಿ ಆನೆ.

ಇದು ಇಬ್ಬರು ಕೂಡಿ ಆಡುವ ಆಟ. ಒಬ್ಬರು ಡಬ್ಬಿ ಕಟ್ಟಿಕೊಂಡು ನೀರಿನ ಮನೆಯಲ್ಲಿ, ಇನ್ನೊಬ್ಬರು ಹೊರಗೆ ಮೇಜಿನೆದುರು. ಮೇಜಿನ ಮೇಲೆ ನಾನು ಕೊರೆದ ಹದಿನೇಳು ಮರದ ತುಂಡು, ಒಂದೊಂದರಲ್ಲೂ ಒಂದು ಕಚ್ಚು, ಬೀಗಕ್ಕೆ ಹೊಂದುವ ಸೀಳು. ಒಳಗಿದ್ದವರಿಗೆ ಬೀಗದ ಆಕಾರ ಕಾಣುತ್ತದೆ, ತುಂಡು ಕಾಣುವುದಿಲ್ಲ. ಹೊರಗಿದ್ದವರಿಗೆ ತುಂಡು ಕಾಣುತ್ತದೆ, ಬೀಗ ಕಾಣುವುದಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡು, ಹೊರಗಿದ್ದವರು ಕೊಟ್ಟ ಸರಿಯಾದ ತುಂಡುಗಳನ್ನು ಒಳಗಿದ್ದವರು ಕೂಡಿಸಿದರೆ ನೀರೊಳಗಿನ ಬಾಗಿಲು ತೆರೆಯುತ್ತದೆ. ಹೇಗೆಂದು ಕೇಳಬೇಡಿ, ವೈರುಗಳು ಅವಳ ಇಲಾಖೆ. ನಿಯಮ ಒಂದೇ: ಕಾಣುವುದನ್ನು ಹೇಳು, ಕಾಣದಿದ್ದರೆ ಕಾಣುವುದಿಲ್ಲ ಎನ್ನು, ಊಹಿಸಬೇಡ.

ಆ ನಿಯಮ ಕಿವಿಗೆ ಬಿದ್ದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಆರು ತಿಂಗಳಿಂದ ನನ್ನ ನೋಟದ ನಡುವೆ ಹಬೆಯಂಥದ್ದೊಂದು ಬಂದು ಕೂತಿದೆ. ಅಂಚೆಲ್ಲ ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಕರಗುತ್ತದೆ. ಗೋಡೆಯ ಗಡಿಯಾರಕ್ಕೆ ಅಂಕಿಗಳಿವೆ, ಮುಳ್ಳಿಲ್ಲ. ಗುಬ್ಬಿಗೆ ಕೂದಲಿದೆ, ಕಿವಿಯೋಲೆಯಿದೆ, ಮುಖವಿಲ್ಲ. ಅವಳು ಹೊಸದಾಗಿ ಕಟ್ಟಿದ ಲೋಕಕ್ಕೆ ಹೋದರೂ ಆ ಹಬೆ ನನಗಿಂತ ಮೊದಲೇ ಅಲ್ಲಿ ಹಾಜರಿತ್ತು. "ಹೋದದ್ದು ವಾಪಸ್ ಬರಲ್ಲ, ಮನೇಲಿ ಹೇಳಿ" ಎಂದರು ಕಣ್ಣಿನ ಡಾಕ್ಟರು. ನಾನು ಹೇಳಲಿಲ್ಲ. ಹೇಳಿದರೆ ಗುಬ್ಬಿ ಮರಗೆಲಸ ಬಿಡಿಸಿ ಮೂಲೆಯಲ್ಲಿ ಕೂರಿಸುತ್ತಾಳೆ. ಮರಗೆಲಸ ಬಿಟ್ಟರೆ ನಾನು ಯಾರು? ಮೊಳೆಯಿಂದ ಆಳವಾಗಿ ಗೆರೆ ಗೀರಿ, ಬೆರಳಲ್ಲಿ ತಡವಿಕೊಂಡು ಕೊರೆಯುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಆಡಿ ನೋಡಲು ಬಂದ ಮೂರು ಜೋಡಿಗಳೂ ಕೊನೆಯ ಕೋಣೆಯಲ್ಲಿ ಸೋತವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಅವರನ್ನೇ ಹಂಗಿಸಿದೆ. ಗುಬ್ಬಿಗೆ ಆ ಕೋಣೆಯೆಂದರೆ ಪ್ರಾಣ. ಅಲ್ಲಿಯ ಬಾಗಿಲು ತೆರೆದರೆ ಇಡೀ ಮನೆ ನೀರಿನಿಂದ ಮೆಲ್ಲಗೆ ಮೇಲೇಳುತ್ತದೆ. ಆಟವನ್ನು ಮರುದಿನವೇ ಮಕ್ಕಳ ಗ್ರಂಥಾಲಯದವರಿಗೆ ಒಪ್ಪಿಸಬೇಕಿತ್ತು.

"ಆ ಕೋಣೆ ತೆಗೆದುಬಿಡ್ತೀನಿ" ಎಂದಳು ಮಧ್ಯಾಹ್ನ. "ನನ್ನ ಒಗಟೇ ಸರಿಯಿಲ್ಲ. ಕೊನೇ ಸಲ ನಾವಿಬ್ರೂ ಆಡೋಣ ಬಾ. ನೀನು ಹೊರಗೆ ಕೂತ್ಕೋ."

ಇಷ್ಟು ದಿನ ಏನೇನೋ ನೆಪ ಹೇಳಿ ಆ ಕುರ್ಚಿಯಿಂದ ತಪ್ಪಿಸಿಕೊಂಡಿದ್ದೆ. ಆವತ್ತು ಹೋಗಿ ಕೂತೆ.

ಅವಳು ಆಕಾರ ಹೇಳಿದಂತೆಲ್ಲ ನಾನು ತುಂಡು ತಡವಿ ಕೊಡುತ್ತ ಹೋದೆ. ಅವಳ ಕೈ ಗಾಳಿಯಲ್ಲಿ ಈಜುತ್ತ ಬಂದು ನನ್ನ ಕೈಗೆ ತಾಗುತ್ತಿತ್ತು. ಒಂದೊಂದೇ ಬಾಗಿಲು ತೆರೆಯಿತು. ಹಸಿರು ಬೆಳಕು, ತೇಲುವ ಚಮಚ, ನೀರಲ್ಲಿ ಹಾಳೆ ತಿರುವಿಕೊಳ್ಳುವ ಪುಸ್ತಕ. ಅವಳ ಮಾತು ಕೇಳುತ್ತ ನಾನೂ ಅವಳ ಹಿಂದೆ ತೇಲುತ್ತಿದ್ದೆ. ಹೆದರಿಕೆ ಕೂಡ ಸ್ವಲ್ಪ ಹೊತ್ತು ಮರೆತುಹೋಯಿತು.

"ಕೊನೇ ಕೋಣೆ ಅಪ್ಪಾ. ಒಂದೇ ತುಂಡು ಬಾಕಿ. ಕಚ್ಚು ನಟ್ಟನಡುವೆ ಇರೋದು ಕೊಡು."

ಉಳಿದ ತುಂಡನ್ನು ತಡವಿದೆ. ಕಚ್ಚು ನಡುವಿನಿಂದ ಒಂದು ಬೆರಳಗಲ ಸರಿದಿತ್ತು. ಅಪ್ಪನ ಕೈ ತಪ್ಪೀತೆಂದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಒಗಟನ್ನು ನೂರು ಸಲ ತಿದ್ದಿದವಳು ತುಂಡನ್ನು ಒಮ್ಮೆಯೂ ಅಳೆದಿರಲಿಲ್ಲ.

"ಇಲ್ವಾ? ಎಲ್ರೂ ಇಲ್ಲೇ ನಿಂತುಹೋಗ್ತಾರೆ. ಬಿಡು, ನನ್ನದೇ ತಪ್ಪು."

ಸುಮ್ಮನಿದ್ದರೆ ಸಾಕಿತ್ತು. ಅವಳ ಕೋಣೆ ಹೋಗುತ್ತಿತ್ತು, ನನ್ನ ಮರಗೆಲಸ ಉಳಿಯುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಒಗಟು ಸರಿಯಾಗೇ ಇದೆ ಕಣೇ" ಎಂದೆ. "ತುಂಡು ತಪ್ಪು. ನಾನೇ ಕೆಡಿಸಿದ್ದು. ಗೀಟು ಕಾಣಿಸಲ್ಲ ನಂಗೆ. ಆರು ತಿಂಗಳಾಯ್ತು."

ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟ ಸದ್ದು ಕೇಳಿತು.

"ನನ್ನ ಮುಖ?"

"ಅಂಚು ಕಾಣಿಸತ್ತೆ. ನಡುವೆ ಏನೂ ಇಲ್ಲ."

ಬೈಯುತ್ತಾಳೆಂದು ಕಾದೆ. ಅವಳು ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಹಾಗಾದ್ರೆ ನಾನು ಹೇಳ್ತೀನಿ, ಕೇಳು. ಮೂಗು ನಿನ್ನದೇ, ಮೊಂಡು. ಕೆನ್ನೆ ಮೇಲೆ ಡಬ್ಬಿ ಒತ್ತಿದ ಗುರುತು. ಕಣ್ಣು ಒದ್ದೆ. ಸಿಟ್ಟೂ ಇದೆ, ಇಷ್ಟು ದಿನ ಹೇಳಲಿಲ್ಲ ಅಂತ."

ಆಮೇಲೆ ಎದ್ದು, ಹೊಸ ತುಂಡೊಂದನ್ನು ಮೇಜಿನಂಚಿಗೆ ಬಿಗಿದಳು. ಅಳೆದು ಮೊಳೆಯಿಂದ ಗೀಟೆಳೆದ ಸದ್ದಾಯಿತು. ನನ್ನ ಹೆಬ್ಬೆರಳು ಹಿಡಿದು ಅದರ ಮೇಲಿಟ್ಟಳು.

"ಇಲ್ಲಿದೆ ಗೀಟು" ಎಂದಳು. "ನೀನು ಕೊರಿ. ಆಚೀಚೆ ಹೋದ್ರೆ ನಾನು ಹೇಳ್ತೀನಿ."

ನಾನು ಕೊರೆಯತೊಡಗಿದೆ.