ಬಲಗಡೆ ಹೂವು

ಹುಲ್ಲಹಳ್ಳಿ ನಾಲೆಗೆ ನೀರು ಬಿಟ್ಟಿದ್ದರು. ಗದ್ದೆ ಉತ್ತು ಹದವಾಗಿತ್ತು. ಸಸಿಯ ಒಟ್ಲಿನಲ್ಲಿ ಬಗ್ಗಿ ನಾಟಿಗೆ ಪೈರು ಕೀಳುತ್ತಿದ್ದ ಚಾಮುಂಡಮ್ಮನ ಬೆನ್ನ ಮೇಲೆ ಗದ್ದೆಯೊಡೆಯ ಶಂಭುಲಿಂಗಪ್ಪನ ಬೈಗುಳ ಬಿತ್ತು.

"ಏನೇ ಮುಂಡೆ, ಪೈರು ಕೀಳ್ತಿದ್ದೀಯೋ, ಹೇನು ಹೆಕ್ತಿದ್ದೀಯೋ?"

ಅವಳು ಸೊಂಟ ಹಿಡಿದುಕೊಂಡು ಎದ್ದು ನಿಂತಳು. "ಬುದ್ಧಿ, ಕೇರಿ ಬೋರು ಕೆಟ್ಟೋಗದೆ. ನಾಲೆ ನೀರು ಕುಡ್ದು ನನ್ ಸೊಸೆಗೆ ವಾಂತಿ ಬೇದಿ. ತೋಟದ ಪಂಪ್‌ಸೆಟ್ಟಲ್ಲಿ ಬಿಂದ್ಗೆ ನೀರು ಇಡ್ಕಳಕೆ ಬುಡಿ."

ಶಂಭುಲಿಂಗಪ್ಪ ಯಾರಿಗೂ ಇಲ್ಲವೆಂದವನಲ್ಲ. ಇಲ್ಲವೆನ್ನುವ ಕೆಲಸವನ್ನು ದೇವರಿಗೆ ವಹಿಸಿದ್ದ.

"ನಂದೇನದೆ? ಗುಡೀಲಿ ಬಸಪ್ಪನ್ನ ಹೂ ಕೇಳಾನ. ಬಲಗಡೇದು ಉದುರ್ಸಿ ಕೊಟ್ರೆ ಹಿಡ್ಕಳಿ."

ಸಂಜೆ ಹೆಂಗಸರು ಗುಡಿಯ ಮೆಟ್ಟಿಲ ಕೆಳಗೆ ನಿಂತರು. ಅಯ್ಯನೋರು ಬಸಪ್ಪನ ಎರಡೂ ಭುಜಕ್ಕೆ ಹೂವು ಅಂಟಿಸಿದರು. ಬಲಗಡೆಯದಕ್ಕೆ ಉಂಡೆ ಗಂಧ, ಎಡಗಡೆಯದಕ್ಕೆ ಒಂದು ಹನಿ ನೀರು. ಕರ್ಪೂರ ಹಚ್ಚುವ ಮೊದಲೇ ಎಡಗಡೆಯದು ಉದುರಿತು.

"ಬೇಡ ಅಂತು ಅಪ್ಪ," ಶಂಭುಲಿಂಗಪ್ಪ ಕೆನ್ನೆ ಬಡಿದುಕೊಂಡ.

"ಇನ್ನೊಂದ್ ಸಲ ಕೇಳ್ಸಿ ಬುದ್ಧಿ," ಚಾಮುಂಡಮ್ಮ ಕೆಳಗಿನಿಂದ ಅಂದಳು.

"ದೇವ್ರನ್ನ ಎರಡು ಸಲ ಕೇಳ್ತಾರೇನೇ, ಲೌಡಿ? ಕಷ್ಟದಲ್ಲೇ ಕಣೇ ನಂಬ್ಕೆ ಬೇಕಾಗದು. ನಂಬ್ದೋರ ಕೈ ಬಿಡಲ್ಲ ಅಪ್ಪ."

ನೀರು ಕೇಳಲು ಬಂದವರಿಗೆ ಅಯ್ಯನೋರು ಮೇಲಿನಿಂದಲೇ ಒಂದೊಂದು ಉದ್ಧರಣೆ ತೀರ್ಥ ಎರಚಿದರು. ತೀರ್ಥ ಶಂಭುಲಿಂಗಪ್ಪನ ಪಂಪ್‌ಸೆಟ್ಟಿನದೇ.

ಕತ್ತಲಾಗುವಷ್ಟರಲ್ಲಿ ಸೊಸೆ ನಂಜನಗೂಡಿನ ಆಸ್ಪತ್ರೆ ಸೇರಿದಳು. ಬಸಪ್ಪ ಬೇಡವೆಂದ ನೀರನ್ನು ಅಲ್ಲಿ ಬಾಟಲಿಯಲ್ಲಿ ತೂಗುಹಾಕಿ ಕೈಗೆ ಚುಚ್ಚಿದರು.

ಬೆಳಿಗ್ಗೆ ಶಂಭುಲಿಂಗಪ್ಪ ಬಂದಾಗ ಕಿತ್ತ ಪೈರಿನ ಕಟ್ಟುಗಳು ಗದ್ದೆಯಲ್ಲಿ ಬಿದ್ದಿದ್ದವು. ನೆಡಬೇಕಾದ ಹೆಂಗಸರು ಬದುವಿನ ಮೇಲೆ, ಮಾರವ್ವನ ಕಲ್ಲಿನ ಸುತ್ತ ಕುಳಿತಿದ್ದರು.

"ಇಳೀರೇ, ಬೇವಾರ್ಸಿ ಮುಂಡೇರಾ!"

"ತಡೀರಿ ಬುದ್ಧಿ, ಅವ್ವನ್ನ ಊವು ಕೇಳ್ತಿವ್ನಿ." ಚಾಮುಂಡಮ್ಮ ಕಲ್ಲಿನ ಎರಡೂ ಬದಿಗೆ ಕಣಗಿಲೆ ಹೂವು ಅಂಟಿಸಿ ಕೈಮುಗಿದಳು. "ತಾಯೇ, ಇವರ ಗದ್ದೆಗೆ ಇಳ್ಯಾಂಗಿದ್ರೆ ಬಲಗಡೆ ಕೊಡವ್ವ."

ಎಡಗಡೆಯದು ಟಪ್ಪನೆ ಬಿತ್ತು. ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡರು.

ಶಂಭುಲಿಂಗಪ್ಪ ಬಗ್ಗಿ ನೋಡಿದ. "ಲೇ, ಬಲಗಡೆ ಹೂವಿಗೆ ಕೆಸರು ಮೆತ್ತಿದ್ದೀಯಲ್ಲೇ, ಕಳ್ಳಿ!"

"ಊಂ ಬುದ್ಧಿ. ನಿಮ್ಮಪ್ಪಂಗೆ ಗಂಧ, ನಮ್ಮವ್ವಂಗೆ ಕೆಸ್ರು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಕಪ್ಪಿಟ್ಟಿತು.

"ಕಿತ್ತ ಪೈರು ಕೊಳೆತೋಯ್ತದೆ ಕಣ್ರೇ! ಇನ್ನೊಂದ್ ಸಲ ಕೇಳೇ!"

"ದೇವ್ರನ್ನ ಎಲ್ಡು ಸಲ ಕೇಳ್ತಾರಾ ಬುದ್ಧಿ?" ಅವಳು ಮಡಿಲಿನಿಂದ ಎಲೆಯಡಿಕೆ ತೆಗೆದಳು. "ನಂಬ್ಕಳಿ. ನಂಬ್ದೋರ ಕೈ ಬುಡಕಿಲ್ಲ ಅವ್ಳು."

ಎಲೆಗೆ ಸುಣ್ಣ ಸವರುತ್ತಲೇ ಕಾಲಿನಿಂದ ಖಾಲಿ ಬಿಂದಿಗೆಯನ್ನು ಅವನತ್ತ ಉರುಳಿಸಿದಳು. ಅದು ಅವನ ಮೆಟ್ಟಿಗೆ ತಾಗಿ ನಿಂತಿತು. ಅತ್ತ ತೋಟದಲ್ಲಿ ಪಂಪ್‌ಸೆಟ್ಟು ಧೋ ಎಂದು ಸುರಿಯುತ್ತಿತ್ತು. ಕಲ್ಲಿನ ಬಲಗಡೆ ಕೆಸರು ಬಿಸಿಲಿಗೆ ಒಣಗಿ, ಹೂವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿತ್ತು.