ತನ್ನವರ ಗುರುತು

ನನ್ನ ತಂಗಿಯ ಮಗು ಥೈಮಸ್ ಇಲ್ಲದೆ ಹುಟ್ಟಿತು. ಎದೆಮೂಳೆಯ ಹಿಂದಿರುವ ಈ ಪುಟ್ಟ ಗ್ರಂಥಿಯ ಹೆಸರನ್ನು ಮನೆಯಲ್ಲಿ ನನ್ನ ಹೊರತು ಯಾರೂ ಕೇಳಿರಲಿಲ್ಲ. ನನಗೋ ಹದಿನೆಂಟು ವರ್ಷದಿಂದ ಅದೇ ಹೊಟ್ಟೆಪಾಡು. ಹಸುಗೂಸುಗಳ ಹೃದಯದ ಆಪರೇಷನ್ನಿಗೆ ಅಡ್ಡಬರುತ್ತದೆಂದು ವೈದ್ಯರು ತೆಗೆದ ಥೈಮಸ್ಸನ್ನು, ಹೆತ್ತವರು ಒಪ್ಪಿದರೆ, ಪ್ರಯೋಗಾಲಯಕ್ಕೆ ತಂದು ತೆಳುವಾಗಿ ಹೆಚ್ಚಿ ಎರಡು ಮೂರು ವಾರ ಕಾಪಾಡುತ್ತೇನೆ. ಆಮೇಲೆ ಅದನ್ನು ಥೈಮಸ್ಸೇ ಇಲ್ಲದೆ ಹುಟ್ಟಿದ ಮಗುವಿನ ತೊಡೆಯೊಳಗೆ ಇಡುತ್ತಾರೆ.

ರಕ್ತದಲ್ಲಿ ಕಣಗಳಿವೆಯಲ್ಲ, ಇನ್ನೇನು ಬೇಕು ಎಂದು ತಂಗಿ ನನ್ನ ತಲೆ ತಿಂದಳು. ನಾನು ಸಿಡುಕಿದೆ. ಮೂಳೆಯ ಮಜ್ಜೆಯಿಂದ ಬರುವ ಎಳೆ ಟಿ-ಕಣಗಳು, ಅಂದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು, ಥೈಮಸ್ಸಿನಲ್ಲಿ ಪರೀಕ್ಷೆ ಕೊಡಬೇಕು. ಮೈಯ ಗುರುತೇ ಹಿಡಿಯಲಾರದವು ಅಲ್ಲೇ ಸಾಯುತ್ತವೆ, ಸ್ವಂತ ಮೈಮೇಲೆ ಏರಿಹೋಗುವವಕ್ಕೂ ಅದೇ ಗತಿ, ನೂರಕ್ಕೆ ಎರಡೋ ಮೂರೋ ಪಾಸಾಗಿ ಮೈಯನ್ನು ರೋಗದಿಂದ ಕಾಯಲು ಹೊರಡುತ್ತವೆ ಎಂದೆ.

"ಥೇಟ್ ನಿನ್ ಹಾಗೇ ಅಲ್ವಾ ಅಕ್ಕಾ, ಯಾರನ್ನೂ ಸುಲಭಕ್ಕೆ ಒಪ್ಪಲ್ಲ," ಎಂದಳು. ನಗುವೂ ಬಂತು, ಅಳುವೂ ಬಂತು.

ಮಗುವಿನ ಐದನೇ ತಿಂಗಳಲ್ಲಿ ಥೈಮಸ್ ಸಿಕ್ಕಿತು. ಸಹಿ ಹಾಕಿದ ಆ ತಾಯಿಯ ಹೊಟ್ಟೆ ತಣ್ಣಗಿರಲಿ. ನಾನೇ ಹೆಚ್ಚಿ ಕಾಪಾಡಿದ್ದನ್ನು ಮಗುವಿನ ತೊಡೆಯೊಳಗೆ ಇಟ್ಟರು. ಆಮೇಲೆ ಕಾಯುವುದಷ್ಟೇ. ಒಂದು ನೆಗಡಿ ಸಾಕಿತ್ತು ಮಗು ಕೈಬಿಟ್ಟುಹೋಗಲು. ಹುಟ್ಟಿದಂದಿನಿಂದ ಅದನ್ನು ಬೇರೆಯಾಗಿ ಇಟ್ಟಿದ್ದ ಆಸ್ಪತ್ರೆಯ ಕೋಣೆಗೆ ತಂಗಿ ಮಾಸ್ಕು, ಗೌನು, ಕೈಗವಸು ಹಾಕದೆ ಕಾಲಿಟ್ಟವಳಲ್ಲ. ತಿಂಗಳು ತಿಂಗಳೂ ವರದಿಯಲ್ಲಿ ಹೊಸ ಕಣ ಒಂದೂ ಇಲ್ಲ. ನನ್ನ ಕೈಯಲ್ಲೇ ಏನೋ ತಪ್ಪಾಯಿತೆಂದು ಊಟ ಸೇರುತ್ತಿರಲಿಲ್ಲ. ಹನ್ನೆರಡನೇ ತಿಂಗಳಲ್ಲಿ ಕೆಲವು ಕಂಡವು. ಹದಿನಾರಕ್ಕೆ ಸಾಕಷ್ಟಾದವು. ಇನ್ನು ಮಗುವನ್ನು ಧಾರಾಳವಾಗಿ ಮುದ್ದಿಸಿ ಎಂದರು ವೈದ್ಯರು.

ತಂಗಿ ಮಾಸ್ಕು ಕಿತ್ತೆಸೆದು ಬಾಗಿದಳು. ಮಗು ಕಿಟಾರನೆ ಕಿರುಚಿ, ಇನ್ನೂ ಮಾಸ್ಕಿನಲ್ಲಿದ್ದ ನನ್ನ ಕಡೆ ಕೈ ಚಾಚಿತು. ನಮ್ಮ ಬುದ್ಧಿಗೆ ಮಂಕು ಕವಿದಿತ್ತು. ಕಣಗಳಿಗೆ ಮಗುವಿನ ಮೈಯ ಗುರುತು ಕಲಿಸುವುದರಲ್ಲೇ ಮುಳುಗಿದ್ದವರು, ಆ ಕೂಸು ಹೆತ್ತವಳ ಪೂರ್ತಿ ಮುಖವನ್ನೇ ನೋಡಿಲ್ಲವೆಂಬುದನ್ನು ಮರೆತಿದ್ದೆವು.

"ನಾನ್ಯಾರು ಅಂತಾನೇ ಗೊತ್ತಿಲ್ಲ ಅಕ್ಕಾ ಇದಕ್ಕೆ," ಎಂದಳು ತಂಗಿ.

ಬಾಯಿಗೆ ಕೈ ಅಡ್ಡ ಹಿಡಿಯೆಂದು ಗದರಿದೆ. ಹಿಡಿದಳು. ಅಳು ನಿಂತಿತು. ಮಗು ಆ ಕಣ್ಣುಗಳನ್ನೇ ದಿಟ್ಟಿಸಿತು. ತಂಗಿ ಒಂದೊಂದೇ ಬೆರಳು ಸರಿಸಿದಳು. ಕಡೆಯ ಬೆರಳನ್ನು ಮಗುವೇ ಎಳೆದು ತೆಗೆಯಿತು.