ಅತ್ತಿಗೆಯ ಕೈ

ಅತ್ತಿಗೆ ನಾದಿನಿ ಮಾತು ಬಿಟ್ಟರೆ ಮನೆಯಲ್ಲಿ ಹೇಗೋ ನಡೆಯುತ್ತದೆ. ಒಬ್ಬಳು ಅಡುಗೆಮನೆ ಹಿಡಿದರೆ ಇನ್ನೊಬ್ಬಳು ಹಜಾರ ಹಿಡಿಯುತ್ತಾಳೆ. ಆದರೆ ಇಬ್ಬರೂ ದೇಶದ ಸ್ಕೇಟಿಂಗ್ ರಿಲೇ ತಂಡದಲ್ಲಿದ್ದರೆ ಆ ಸೌಕರ್ಯವಿಲ್ಲ. ಅಲ್ಲಿ ಬ್ಯಾಟನ್ನು ಗೀಟನ್ನು ಇರುವುದಿಲ್ಲ. ಐಸಿನ ಮೇಲೆ ಸುತ್ತು ಮುಗಿಸಿ ಬಂದವಳು ಮುಂದಿನವಳ ಸೊಂಟಕ್ಕೆ ಎರಡೂ ಕೈಯಿಟ್ಟು ಬಲವಾಗಿ ದೂಡಬೇಕು, ಅಷ್ಟೆ.

ನಾದಿನಿ ನನ್ನ ಮಗಳು, ಅತ್ತಿಗೆ ನನ್ನ ಸೊಸೆ. ತಂಡದ ಸ್ಕೇಟುಗಳಿಗೆ ಸಾಣೆ ಹಿಡಿಯುವವನು ನಾನು. ಹನ್ನೊಂದು ತಿಂಗಳಿಂದ ಅವರಿಬ್ಬರಿಗೆ ಮಾತಿರಲಿಲ್ಲ. ಕಳೆದ ವರ್ಷದ ಫೈನಲಿನಲ್ಲಿ, ಕೊನೆಯ ಎರಡು ಸುತ್ತಿಗೆ ಮಗಳನ್ನು ದೂಡುವ ಹೊತ್ತಿಗೆ ಸರಿಯಾಗಿ ಸೊಸೆಯ ಕಾಲು ಜಾರಿತು. ಕೈ ಬರೀ ಸವರಿದಂತಾಗಿ ನಾವು ನಾಲ್ಕನೆಯವರಾದೆವು. ಕೊನೆಯ ಸುತ್ತು ತನಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಬೇಕೆಂದೇ ಹಾಗೆ ಮಾಡಿದಳೆಂದು ಮಗಳ ವಾದ. ಸೊಸೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಡುವೆ ಸಿಕ್ಕ ನನ್ನ ಮಗ ಇಬ್ಬರಿಗೂ ಹೂಂಗುಟ್ಟಿ ಹೂಂಗುಟ್ಟಿ ಸೊರಗಿದ.

ಈ ವರ್ಷ ಸೆಮಿಫೈನಲಿನಲ್ಲಿ ಮಗಳು ಅತ್ತಿಗೆಯ ಕೈಗೆ ಕಾಯದೆ ಒಂದು ಮಾರು ಮುಂದಕ್ಕೆ ಹೋಗಿಬಿಟ್ಟಳು. ಬೆರಳ ತುದಿಯಷ್ಟೇ ತಗುಲಿತು. ಬೇರೆ ತಂಡದ ಇಬ್ಬರು ಡಿಕ್ಕಿ ಹೊಡೆದು ಬಿದ್ದದ್ದರಿಂದ ನಾವು ಫೈನಲಿಗೆ ಬಂದೆವು. ನಾಳೆ ಬೆಳಗಿನ ಅಭ್ಯಾಸದಲ್ಲಿ ಇದು ಸರಿಹೋಗದಿದ್ದರೆ, ಕೊನೆಯ ಸುತ್ತಿಗೆ ಮಗಳಷ್ಟು ವೇಗದವಳು ಬೇರೆ ಇಲ್ಲದ್ದರಿಂದ, ಸೊಸೆಯನ್ನೇ ಕೈಬಿಡುತ್ತೇನೆಂದು ಕೋಚ್ ಹೇಳಿದರು. ಅವಳಿಗೆ ಇದು ಕೊನೆಯ ವರ್ಷ.

ಆ ರಾತ್ರಿ ಸೊಸೆಯ ಸ್ಕೇಟನ್ನು ಮುಂದಿಟ್ಟುಕೊಂಡು ಕೂತೆ. ಸಾಣೆ ಹಿಡಿದಾಗ ಬ್ಲೇಡಿನ ಅಂಚಿಗೆ ಕೂದಲೆಳೆಯಷ್ಟು ಉಕ್ಕು ಮಡಚಿ ನಿಲ್ಲುತ್ತದೆ. ಚಿಕ್ಕ ಕಲ್ಲಿನಿಂದ ಉಜ್ಜಿ ಅದನ್ನು ತೆಗೆಯದಿದ್ದರೆ ಐಸಿನ ಮೇಲೆ ಹಿಡಿತ ಸಿಗುವುದಿಲ್ಲ. ಕಳೆದ ವರ್ಷ ಸೊಸೆಯ ಬಲಗಾಲಿನ ಬ್ಲೇಡನ್ನು ನಾನು ಉಜ್ಜಿರಲಿಲ್ಲ. ಫೋನು ಬಂತು, ಎದ್ದು ಹೋದೆ, ಮರೆತೆ. ರೇಸು ಮುಗಿದ ಮೇಲೆ ಸ್ಕೇಟು ಒರೆಸುವಾಗ ಬೆರಳಿಗೆ ತಗುಲಿತು. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡೆ. ಇದಕ್ಕೆ ಹೇಡಿತನ ಎನ್ನದೆ ಬೇರೆ ಹೆಸರಿಲ್ಲ.

ಬೆಳಿಗ್ಗೆ ಇಬ್ಬರನ್ನೂ ಸಾಣೆಮೇಜಿನ ಮುಂದೆ ಕೂರಿಸಿ ಎಲ್ಲವನ್ನೂ ಹೇಳಿದೆ. ನಮ್ಮ ತಂಡದಲ್ಲಿ ಸಾಣೆಯವನು ಕೊಟ್ಟ ಬ್ಲೇಡನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ಮುಖಕ್ಕೆ ಹೊಡೆದ ಹಾಗೆ. ಮಗಳು ತನ್ನ ಸ್ಕೇಟು ಎತ್ತಿಕೊಂಡು ನನ್ನ ಕಣ್ಣೆದುರೇ ಅಂಚಿನ ಮೇಲೆ ಉಗುರಾಡಿಸಿದಳು. ನಾನು ತಲೆ ತಗ್ಗಿಸಿದೆ.

ಆಮೇಲೆ ಅವಳು ಅತ್ತಿಗೆಯ ಕಡೆ ತಿರುಗಿದಳು. "ನಿಮ್ಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದಳು ಸೊಸೆ. "ಎರಡನೇ ಸುತ್ತಲ್ಲೇ ಗೊತ್ತಾಯ್ತು. ಹೇಳಿದ್ರೆ ಮಾವನ ಕೆಲ್ಸ ಹೋಗ್ತಿತ್ತು. ನೀನು ಮಾತು ಬಿಟ್ರೂ ಒಂದಲ್ಲ ಒಂದಿನ ಆಡ್ತೀಯ ಅಂದ್ಕೊಂಡೆ."

ಅಭ್ಯಾಸ ನೋಡಿ ಕೋಚ್ ಸೊಸೆಯನ್ನು ಉಳಿಸಿಕೊಂಡರು. ಸಂಜೆ ಫೈನಲಿನಲ್ಲಿ ಮಗಳು ಬೆನ್ನು ಬಗ್ಗಿಸಿ ಕಾದಳು. ಹಿಂತಿರುಗಿ ನೋಡಲಿಲ್ಲ. ಅತ್ತಿಗೆಯ ಎರಡೂ ಕೈ ಗಟ್ಟಿಯಾಗಿ ಬಿದ್ದವು. ನಾವು ಮೂರನೆಯವರಾದೆವು.

ಕೋಚ್‌ಗೂ ನಿಜ ಹೇಳಿದೆ. ಈ ಸ್ಪರ್ಧೆ ಮುಗಿದ ಮೇಲೆ ಸಾಣೆಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದರು. ಅದು ನ್ಯಾಯವೇ. ಕೋಣೆಗೆ ಬಂದರೆ ಮರುದಿನದ ಐನೂರು ಮೀಟರಿಗೆಂದು ಎರಡು ಜೊತೆ ಸ್ಕೇಟು ಮೇಜಿನ ಮೇಲಿದ್ದವು.

ಬೆಳಿಗ್ಗೆ ವಾಪಸು ಕೊಟ್ಟಾಗ ಮಗಳು ಅಂಚನ್ನು ನೋಡದೆಯೇ ಕಾಲಿಗೆ ಹಾಕಿಕೊಂಡಳು. ಮೂರು ಸಲ ಉಗುರಾಡಿಸಿ ನೋಡಿದ್ದವನು ನಾನೇ.